ಸುದ್ದಿ ಮುಟ್ಟಿಸುವವನ ಮೊಮ್ಮಗಳು

ಮಧ್ಯಾಹ್ನ ನಾಲ್ಕಕ್ಕೆ ಇನ್ನೂ ಐದು ನಿಮಿಷವಿದೆ ಎನ್ನುವಾಗ ರೇಣು ಬಾಗಿಲು ಮುಂದೆ ಮಾಡಿ, ಜೋಳದ ಡಬ್ಬಿಯ ಹಿಂದೆ ಇಟ್ಟಿದ್ದ ಸತ್ತವಳ ಫೋನನ್ನು ಹೊರಗೆ ತೆಗೆಯುತ್ತಿದ್ದಳು. ಅದಕ್ಕೆ ನೀಲಿ ಕವರು, ಒಂದು ಮೂಲೆ ಒಡೆದಿತ್ತು. ಗುಂಡಿ ಒತ್ತಿದರೆ ನವಿಲುತೀರ್ಥದ ಅಣೆಕಟ್ಟಿನ ಮುಂದೆ ನಿಂತ ನಲವತ್ತೈದರ ಆಸುಪಾಸಿನ ಹೆಂಗಸಿನ ಚಿತ್ರ ಬರುತ್ತಿತ್ತು. ಫೋಟೋ ತೆಗೆಯುವ ಹೊತ್ತಿಗೆ ಬಿಸಿಲು ಹೊಡೆದು ಆಕೆ ಕಣ್ಣು ಮುಚ್ಚಿದ್ದಳು. ಹೀಗಾಗಿ ಅನ್ನಪೂರ್ಣಾಳ ಕಣ್ಣು ಹೇಗಿದ್ದವೆಂದು ರೇಣುಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ದನಿ ಮಾತ್ರ ಗೊತ್ತಿತ್ತು. ಅದು ತನ್ನದೇ.

ಆ ಫೋನಿನಲ್ಲಿ ಉಳಿಸಿದ್ದ ಹೆಸರು ಒಂದೇ: ಅವ್ವ. ಅದನ್ನು ಒತ್ತಿ ಕಿವಿಗಿಟ್ಟುಕೊಂಡರೆ ಮೂರನೆಯ ರಿಂಗಿಗೆ ಆ ಕಡೆಯಿಂದ ಮುದಿ ಉಸಿರು ಕೇಳುತ್ತಿತ್ತು.

"ಯವ್ವಾ, ಊಟ ಆತ?"

"ಆತವಾ. ನಿಂದು? ಮೊಣಕಾಲು ಹೆಂಗೈತಿ?"

"ಸ್ವಲ್ಪ ಕಡಿಮಿ ಆಗೇದ. ಇನ್ನೊಂದು ತಿಂಗಳು ಬಸ್ ಹತ್ತಬ್ಯಾಡ್ರಿ ಅಂದಾರ ಡಾಕ್ಟರು."

"ಹೂಂ. ಹತ್ತಬ್ಯಾಡ. ಅಲ್ಲೇ ಇರು."

ರಾಮದುರ್ಗದಿಂದ ಮಗಳು ಮಾಡುವ ಫೋನು ಇದು ಎಂದು ದೊಡವಾಡದ ಗೌಡರ ಮನೆಯ ಸಾವಿತ್ರೆವ್ವ ನಂಬಿದ್ದರು, ಅಥವಾ ನಂಬಿದ್ದಾರೆಂದು ಎಲ್ಲರೂ ನಂಬಿದ್ದರು. ಫೋನು ಬರುತ್ತಿದ್ದುದು ಅದೇ ಊರಿನ ಹಳ್ಳದಾಚೆಯ ಕೇರಿಯಿಂದ, ಎಣಿಸಿದರೆ ನಾನೂರು ಹೆಜ್ಜೆ ದೂರದಿಂದ. ಒಮ್ಮೊಮ್ಮೆ ಗೌಡರ ಮನೆಯ ಮುಂದೆ ಟ್ರ್ಯಾಕ್ಟರ್ ಹಾದುಹೋದರೆ ಅದರ ಸದ್ದು ಮೊದಲು ಫೋನಿನೊಳಗಿಂದ ಬಂದು, ಸ್ವಲ್ಪ ಹೊತ್ತಿಗೆ ರೇಣುವಿನ ಮನೆಯ ಗೋಡೆಯಾಚೆ ಕೇಳುತ್ತಿತ್ತು. ಆಗ ಅವಳು ಅಂಗೈಯಿಂದ ಫೋನಿನ ಬಾಯಿ ಮುಚ್ಚಿ ಉಸಿರು ಹಿಡಿದು ಕೂರುತ್ತಿದ್ದಳು. ಆ ಕಡೆಯೂ ಅಷ್ಟೇ ಹೊತ್ತು ಯಾರೂ ಉಸಿರಾಡಿದಂತೆ ಅನ್ನಿಸುತ್ತಿರಲಿಲ್ಲ.

ಅನ್ನಪೂರ್ಣಾ ತಲೆಯ ನರ ಒಡೆದು ಮೂರೇ ದಿನದಲ್ಲಿ ತೀರಿಕೊಂಡಿದ್ದಳು. ಆಗ ಸಾವಿತ್ರೆವ್ವರಿಗೆ ಎದೆಯ ಆಪರೇಶನ್ ಆಗಿ ಹನ್ನೆರಡು ದಿನವಾಗಿತ್ತಷ್ಟೇ. ಕಣ್ಣು ಹೋಗಿ ಅದಾಗಲೇ ನಾಲ್ಕು ವರ್ಷ. ಅವ್ವ ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ಹೇಳೋಣ ಎಂದು ಮಗ ಗೌರೀಶ ಒಂದು ವಾರ ತಡೆದ. ವಾರ ತಿಂಗಳಾಯಿತು. ತಿಂಗಳಾದ ಮೇಲೆ ಆ ಮಾತನ್ನು ಯಾವ ಬಾಯಿಯಿಂದ ಶುರು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಊರಿಗೆ ಊರೇ ಬಾಯಿ ಕಟ್ಟಿಕೊಂಡಿತು. ನೋಡಲು ಬಂದವರು ಮಳೆ, ಹತ್ತಿಯ ದರ, ಬೈಲಹೊಂಗಲದ ಸಂತೆ ಎಂದು ಮಾತಾಡಿ ಎದ್ದು ಹೋಗುತ್ತಿದ್ದರು. ಮಗಳ ದನಿಯೊಂದು ಕಡಿಮೆ ಬಿದ್ದಿತ್ತು. ಅದು ಗೌರೀಶನಿಗೆ ಸಿಕ್ಕಿದ್ದು ಬೈಲಹೊಂಗಲದ ಒಂದು ಶಾಲೆಯ ಸಮಾರಂಭದಲ್ಲಿ.

ಆ ಶಾಲೆಯ ಆಡಳಿತ ಮಂಡಳಿಗೆ ಅವನೇ ಅಧ್ಯಕ್ಷ. ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ ಎರಡು ವರ್ಷದಿಂದ ಅಲ್ಲಿ ಇಲ್ಲಿ ಅರ್ಧ ದಿನದ ಅತಿಥಿ ಶಿಕ್ಷಕಿಯಾಗಿ ದುಡಿಯುತ್ತಿದ್ದ ರೇಣು ಅಂದು ನಿರೂಪಣೆ ಮಾಡಿದ್ದಳು. ಕಾರ್ಯಕ್ರಮ ಮುಗಿದ ಮೇಲೆ ಗೌರೀಶ ತಾನೇ ಎದ್ದು ಬಂದ. ಕೈಯಲ್ಲಿ ಅವಳಿಗಾಗಿ ಒಂದು ಚಹದ ಕಪ್ಪು.

"ಏನ್ ಛಂದ ಮಾತಾಡ್ತೀರಿ! ಒಂದಕ್ಷರ ಆಚೀಚೆ ಇಲ್ಲ. ಯಾವೂರ್ರಿ ನಿಮ್ಮದು?"

"ದೊಡವಾಡ್ರಿ ಸರ್. ನಿಮ್ಮೂರನ."

"ಹೌದಾ? ಯಾರ ಪೈಕಿರಿ?"

"ಶಟ್ಟೆಪ್ಪನ ಮೊಮ್ಮಗಳರಿ."

ಮುಂದೆ ಚಾಚಿದ್ದ ಕಪ್ಪು ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಪಕ್ಕದ ಮೇಜಿನ ಮೇಲೆ ಇಳಿಯಿತು. "ತಗೋ, ತಗೋ" ಎಂದ ಗೌರೀಶ. "ಯಾವ ಶಟ್ಟೆಪ್ಪ? ಸುದ್ದಿ ಮುಟ್ಟಸತಿದ್ನಲ್ಲ, ಆ ಶಟ್ಟೆಪ್ಪನ? ಖರೇನ! ನಿನ್ನ ಮಾತು ಕೇಳಿದ್ರ ಯಾರೂ ಹಂಗ ಅನ್ನಂಗಿಲ್ಲ ನೋಡು. ಕಣ್ಣು ಮುಚ್ಚಿ ಕೇಳಿದ್ರ ನಮ್ಮ ಮನೀ ಹೆಣ್ಣಮಗಳು ಮಾತಾಡಿದಂಗ ಆಗತೈತಿ."

"ಅಧ್ಯಕ್ಷರ ಬಾಯಿಂದ ಇಂಥಾ ಮಾತು ಬರೂದು ಭಾಳ ಕಡಿಮಿ, ರೇಣು" ಎಂದರು ಹೆಡ್‌ಮಾಸ್ತರ ಗಂಗಪ್ಪ. ಸುತ್ತ ನಿಂತವರು ನಕ್ಕರು. ರೇಣುವೂ ನಕ್ಕಳು. ಕೈ ಮುಗಿದು, "ತಮ್ಮ ಆಶೀರ್ವಾದ್ರಿ" ಎಂದೂ ಅಂದುಬಿಟ್ಟಳು.

ಸಂಜೆ ದೊಡವಾಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಆ ನಗು ಇನ್ನೂ ಮುಖದ ಮೇಲೆಯೇ ಇತ್ತು. ಯಾರದೋ ಬೆವರು ಅಂಟಿದಂತೆ ಅನ್ನಿಸಿ ವೇಲಿನಿಂದ ಒರೆಸಿಕೊಂಡಳು. ಹೆಸರು ಹೇಳುವವರೆಗೆ ಅವನು 'ರಿ' ಹಚ್ಚಿ ಮಾತಾಡಿದ್ದ, ಆಮೇಲೆ ಅದು ಕಪ್ಪಿನ ಜೊತೆಗೇ ಮೇಜಿನ ಮೇಲೆ ಇಳಿದುಹೋಗಿತ್ತು. ಯಾರೂ 'ಹಂಗ' ಅನ್ನುವುದಿಲ್ಲ ಎಂದರೆ ಹೇಗೆ? ತನ್ನ ಮಾತು ಕೇಳುವುದಕ್ಕೆ ಕಣ್ಣೇಕೆ ಮುಚ್ಚಬೇಕು? ಇವನ್ನು ಅಲ್ಲಿಯೇ ಕೇಳಬಹುದಿತ್ತು. ಕೇಳಿರಲಿಲ್ಲ.

ಮೂರನೆಯ ದಿನ ಗೌರೀಶನ ಕಾರು ಹಳ್ಳದ ದಂಡೆಗೆ ಬಂದು ನಿಂತಿತು. ಅವನು ಇಳಿಯಲಿಲ್ಲ. ಕಿಟಕಿಯ ಗಾಜು ಇಳಿಸಿ ನೀಲಿ ಕವರಿನ ಫೋನನ್ನು ಸೀಟಿನ ಅಂಚಿಗೆ ಇಟ್ಟ. ಅವಳು ತೆಗೆದುಕೊಂಡಳು. ದಿನಕ್ಕೊಂದು ಫೋನು, ಯಾರಿಗೂ ಹೇಳಬಾರದು, ನಿಮ್ಮ ಆಯಿಗೂ. ಮುಂದಿನ ಜೂನ್‌ಗೆ ಶಾಲೆಯಲ್ಲಿ ಕಾಯಂ ಕನ್ನಡ ಶಿಕ್ಷಕಿಯ ಆರ್ಡರ್.

"ಇದು ಪುಣ್ಯದ ಕೆಲಸ ಐತಿ" ಎಂದ ಗೌರೀಶ. ಅವನ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಿನ ನೀರಲ್ಲ. "ನಮ್ಮ ಅಕ್ಕ ಹೋಗ್ಯಾಳ ಅಂದ್ರ ಅವ್ವ ಒಂದು ದಿನ ಉಳಿಯಂಗಿಲ್ಲ. ಬ್ಯಾರೆ ಯಾರನ್ನ ಕೇಳ್ಲಿ? ನಿಮ್ಮ ಮಂದಿಯೊಳಗ ಹಿಂಗ ಮಾತಾಡೂದು ಇನ್ನ್ಯಾರಿಗೆ ಬರತೈತಿ?"

ಪ್ರತಿ ಜೂನ್‌ನಲ್ಲಿ ಹೊಸ ಬಾಗಿಲು ತಟ್ಟಿ ಅವಳಿಗೆ ಸಾಕಾಗಿತ್ತು. ಒಪ್ಪಿದಳು.

ಮೊದಲ ತಿಂಗಳು ಪಾಠ ಒಪ್ಪಿಸಿದಂತೆ ಮಾತಾಡಿದಳು. ಗೌರೀಶ ಬರೆದುಕೊಟ್ಟಿದ್ದು ಒಂದು ಹಾಳೆ: ಅಳಿಯನ ಹೆಸರು, ಮಗ ಓದುವ ಊರು, ಅನ್ನಪೂರ್ಣಾ ಬದನೆಕಾಯಿ ತಿನ್ನುವುದಿಲ್ಲ, ಮಾತಿನ ನಡುವೆ ಸಣ್ಣಗೆ ಕೆಮ್ಮುತ್ತಾಳೆ. ಆಮೇಲೆ ಹಾಳೆ ಬೇಕಾಗಲಿಲ್ಲ. ಕೆಮ್ಮು ತಾನಾಗಿ ಬರತೊಡಗಿತು, ಫೋನು ಇಟ್ಟ ಮೇಲೂ. ಬದನೆಕಾಯಿ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸತೊಡಗಿದಳು.

ನಾಲ್ಕನೆಯ ತಿಂಗಳು ಒಂದು ದಿನ ಸಾವಿತ್ರೆವ್ವ, "ಹಿತ್ತಲದಾಗಿನ ಹುಣಸೀ ಗಿಡ ಕಡಸತೇನಂತಾನ ನಿಮ್ಮ ತಮ್ಮ. ಕಡಸಲೇನ?" ಎಂದು ಕೇಳಿದರು.

"ಬ್ಯಾಡ ಯವ್ವಾ, ಅದರ ಬುಡಕ ನನ್ನ ಗೆಜ್ಜಿ ಅವ" ಎಂದಿತು ರೇಣುವಿನ ಬಾಯಿ.

ಆ ಕಡೆ ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಆಮೇಲೆ ಫೋನು ಕಟ್ ಆಯಿತು.

ಎರಡು ದಿನಕ್ಕೆ ಗೌರೀಶನ ಫೋನು ಬಂತು. ಅವನ ದನಿ ಸಣ್ಣಗಾಗಿತ್ತು. "ಗೆಜ್ಜಿ ಸಂಗತಿ ನಿನಗ್ಯಾರು ಹೇಳಿದ್ರು? ಅವ್ವ ಅಂದ್ಲಂತ ಗಿಡದ ಬುಡಾ ಅಗಿಸಿ ನೋಡಿದ್ನಿ. ಸಣ್ಣ ಹುಡುಗಿ ಬೆಳ್ಳೀ ಗೆಜ್ಜಿ, ಒಂದ ಕಾಲಿಂದು. ನನಗ ಗೊತ್ತಿದ್ದಿಲ್ಲ, ಅಪ್ಪಗ ಗೊತ್ತಿದ್ದಿಲ್ಲ."

"ನೀವ ಬರಕೊಟ್ಟಿದ್ರೇನೋ ಸರ್" ಎಂದಳು ರೇಣು. ಆಯಿ, ಶಟ್ಟೆಪ್ಪನ ಹೆಂಡತಿ ಕಾಡವ್ವ, ಒಂದು ಕಾಲದಲ್ಲಿ ಆ ಹಿತ್ತಲು ಗುಡಿಸುತ್ತಿದ್ದವಳು. ಎಂದಾದರೂ ಕತೆ ಹೇಳಿದ್ದಳೇನೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕಾಡವ್ವನನ್ನು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ತಂದೆ ತಾಯಿ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಮನೆಯಲ್ಲಿ ಅವಳು ಮತ್ತು ಆಯಿ ಇಬ್ಬರೇ; ಫೋನಿನ ಹೊತ್ತಿಗೆ ಆಯಿ ಹಿತ್ತಲಲ್ಲಿರುತ್ತಿದ್ದಳು. ಕಾಡವ್ವನ ಕಣ್ಣಿಗೆ ಪೊರೆ ಬಂದಿತ್ತು, ಮನುಷ್ಯರನ್ನು ದನಿಯಿಂದಲೇ ಗುರುತು ಹಿಡಿಯುತ್ತಿದ್ದಳು. ಹತ್ತನೆಯ ತಿಂಗಳು, ದೀಪ ಹಚ್ಚುವ ಹೊತ್ತು, ಫೋನು ಮುಗಿಸಿ ಸಂತೆಗೆ ಹೋಗಿದ್ದ ರೇಣು ಬಸ್ಸಿಳಿದು ಬಂದು ಬಾಗಿಲಲ್ಲಿ, "ಆಯಿ, ಚಹಾ ಮಾಡೀಯೇನ?" ಎಂದಳು.

ಕಾಡವ್ವ ದಡಬಡಿಸಿ ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಬೆನ್ನು ಹಚ್ಚಿ, ದಾರಿ ಬಿಟ್ಟು ನಿಂತಳು.

"ಯಾರ್ರೀ ಯವ್ವಾರ? ಗೌಡ್ರ ಮನೀಂದ ಬಂದೀರೇನ್ರಿ? ಮನ್ಯಾಗ ಯಾರೂ ಇಲ್ಲರಿ. ಮೊಮ್ಮಗಳು ಹೊರಗ ಹೋಗ್ಯಾಳ್ರಿ."

"ಆಯಿ, ನಾನು."

"ನೀವು ಅಂದ್ರ ಯಾರ್ರಿ?"

'ನಾನಬೇ, ರೇಣು' ಎನ್ನಬೇಕೆಂದುಕೊಂಡಳು. ಹುಟ್ಟಿದಾಗಿನಿಂದ ದಿನಕ್ಕೆ ನೂರು ಸಲ ಆಡಿದ ಆ 'ಬೇ' ಗಂಟಲಿನಲ್ಲಿ ಎಲ್ಲಿತ್ತೆಂದು ಹುಡುಕಿದಂತಾಯಿತು, ಸಿಗಲಿಲ್ಲ. ಕೊನೆಗೆ ಹತ್ತಿರ ಹೋಗಿ ಆಯಿಯ ಕೈಯನ್ನು ತನ್ನ ಮುಖದ ಮೇಲೆ ಇಟ್ಟುಕೊಂಡಳು. ಕಾಡವ್ವ ಹಣೆ, ಮೂಗು, ಗದ್ದ ಮುಟ್ಟಿ ನೋಡಿದಳು. "ಮುಖ ನಮ್ಮದ ಐತಿ" ಎಂದಳು, ಅಷ್ಟೇ. 

ಮರುದಿನ ಬೆಳಿಗ್ಗೆ ಗೂಟಕ್ಕೆ ತೂಗುಹಾಕಿದ್ದ ಶಟ್ಟೆಪ್ಪನ ಕರಿಯ ಕಂಬಳಿ ನೋಡುತ್ತ ರೇಣು ಕೇಳಿದಳು. "ಮುತ್ಯಾ ಸುದ್ದಿ ಮುಟ್ಟಸೂದಂದ್ರ ಏನ್ ಮಾಡತಿದ್ದ ಆಯಿ?"

ಕಾಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಏನ್ ಮಾಡತಿದ್ದ, ನಡೀತಿದ್ದ. ಗೌಡ್ರ ಮನ್ಯಾಗ ಯಾರರ ಹ್ವಾದ್ರ ಕಿತ್ತೂರಿಗೆ, ಸವದತ್ತಿಗೆ, ರಾಮದುರ್ಗಕ್ಕ ಇವನ ಹೋಗಬೇಕು. ಬೀಗರ ಮನೀ ಅಂಗಳದಾಗ ಹೋಗಿ ಹೆಗಲಮ್ಯಾಲಿನ ಕಂಬಳಿ ತಗದು ಕೈಮ್ಯಾಲ ಹಾಕ್ಕೊಂಡು ನಿಂದ್ರಬೇಕು. ಬಾಯಿ ತಗೀಬಾರದು. ಸತ್ತವರ ಹೆಸರು ನಮ್ಮ ಬಾಯಾಗ ಬರಬಾರದಿತ್ತಲ್ಲ. ಅವರೇ ಇವನ್ನ ನೋಡಿ, ಹಿರೇರೇನ, ಕಿರೇರೇನ ಅಂತ ಒಂದೊಂದ ಕೇಳಬೇಕು. ಇಂವ ಗೋಣು ಹಾಕಬೇಕು. ಇಂವ ನಿಂತ ಮ್ಯಾಲೇ ಅವರ ಅಳೂದು. ಎರಡು ಬೊಗಸಿ ಜೋಳ ಕಂಬಳಿಯೊಳಗ ನೀಡತಿದ್ರು. ಇಂವ ತಿರುಗಿದ ಕೂಡಲೇ ನಿಂತ ಜಾಗಾಕ ಒಂದು ಕೊಡ ನೀರು ಹಾಕತಿದ್ರು."

"ಆಮ್ಯಾಲ?"

"ಆಮ್ಯಾಲ ಮನಿಗೆ ಬಂದು ಹೊರಗ ನಿಂದ್ರತಿದ್ದ. ಮುಟ್ಟಿತೇನ ಅಂತ ನಾ ಕೇಳತಿದ್ನಿ. ಮುಟ್ಟಿತು ಅಂದ್ರ ಕಾಲಿಗೆ ನೀರು ಹಾಕಿ ಒಳಗ ಕರೀತಿದ್ನಿ. ಮುಟ್ಟಸಲಾರದ ಬಂದ್ರ ಸತ್ತವರು ಬೆನ್ನ ಹತ್ತಿ ಬರತಾರ ಅಂತಿದ್ರು." ಕಾಡವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಮನ್ಯಾಗ ಬಂದು ಕುಂದರತಾರಂತ."

ರೇಣು ಸಣ್ಣಗೆ ಕೆಮ್ಮಿದಳು. ಕೆಮ್ಮು ತನ್ನದಲ್ಲ ಎಂದು ಅವಳಿಗೆ ತಿಳಿಯಿತು.

ಅದಾಗಿ ಒಂದು ತಿಂಗಳಿಗೆ ಗೌರೀಶ ಫೋನು ಮಾಡಿದ. "ನಾಡಿದ್ದು ಅಕ್ಕನ ವರ್ಷದ್ದು. ನಾ ರಾಮದುರ್ಗಕ್ಕ ಹೊಂಟೇನಿ. ಮನ್ಯಾಗ ಅವ್ವನ ಸಂಗಾಟ ನಮ್ಮನ್ಯಾಕಿ ಸ್ನೇಹಲ್ ಒಬ್ಬಾಕಿನ ಇರತಾಳ. ನೀ ಅವತ್ತ ಒಂದು ತಾಸರ ಮಾತಾಡು. ನಗಿ ಇರಲಿ. ಅವ್ವಗ ಸಂಶೇ ಬರಬಾರದು. ನಿನ್ನ ಆರ್ಡರ್ ಟೈಪ್ ಆಗೇತಿ. ನಂದೊಂದು ಸಹಿ ಬಾಕಿ."

ಸತ್ತವಳ ವರ್ಷದ ದಿನ ಸತ್ತವಳು ಒಂದು ತಾಸು ನಗಬೇಕಿತ್ತು.

ಆ ದಿನ ನಾಲ್ಕಕ್ಕೆ ಇನ್ನೂ ಕಾಲು ತಾಸಿತ್ತು. ಜೋಳದ ಡಬ್ಬಿಯ ಹಿಂದಿನಿಂದ ಫೋನು ತಾನೇ ಬಡಿದುಕೊಂಡಿತು. ಹನ್ನೊಂದು ತಿಂಗಳಲ್ಲಿ ಒಮ್ಮೆಯೂ ಆ ಕಡೆಯಿಂದ ಫೋನು ಬಂದಿರಲಿಲ್ಲ. ಕಣ್ಣಿಲ್ಲದ ಮುದುಕಿಗೆ ನಂಬರು ಒತ್ತಲು ಬರುತ್ತಿರಲಿಲ್ಲ. ಪರದೆಯ ಮೇಲೆ 'ಅವ್ವ' ಎಂದಿತ್ತು.

ಎತ್ತಿ ಕಿವಿಗಿಟ್ಟುಕೊಂಡಳು. ಮಾತಿಲ್ಲ. ಗಡಿಯಾರದ ಸದ್ದು, ಉಸಿರು. ಎಂದಿನ ಹಾಗೆ 'ಯವ್ವಾ' ಎನ್ನಲು ಹೋದ ಬಾಯನ್ನು ರೇಣು ಹಲ್ಲು ಕಚ್ಚಿ ಹಿಡಿದಳು. ಮುದುಕಿ ಕಾಯುತ್ತಿದ್ದಾರೆ ಎನ್ನಿಸಿತು. ಏನನ್ನು ಎಂದು ಮಾತ್ರ ಹೊಳೆಯಲಿಲ್ಲ. ಗೂಟದ ಮೇಲಿನ ಕಂಬಳಿಯ ಕಡೆ ಕಣ್ಣು ಹೋದಾಗ ಅದೂ ಹೊಳೆಯಿತು.

ಫೋನನ್ನು ವೇಲಿನ ತುದಿಗೆ ಕಟ್ಟಿಕೊಂಡು, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹಳ್ಳ ದಾಟಿದಳು. ಬಿಸಿಲಿಗೆ ಓಣಿಯಲ್ಲಿ ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಮುದುಕ ಭರಮಪ್ಪ ಮಾತ್ರ ಅವಳ ಹೆಗಲು ನೋಡಿದವನೇ ಬೀಡಿ ಹೊಸಕಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸಾವಿತ್ರೆವ್ವ ಜಗಲಿಯ ಮೇಲೆ, ಅಂಗಳದ ಕಡೆ ಮುಖ ಮಾಡಿ ಕುಳಿತಿದ್ದರು. ಮಡಿಲಲ್ಲಿ ಫೋನು. ರೇಣು ಅಂಗಳದ ನಡುವೆ ನಿಂತಳು. ಕಂಬಳಿ ತೆಗೆದು ಕೈಮೇಲೆ ಹಾಕಿಕೊಂಡಳು. ಯಾರೂ ತೋರಿಸಿಕೊಟ್ಟಿರಲಿಲ್ಲ. ಆದರೂ ಕಾಲುಗಳು ತಾವಾಗಿ ಕೂಡಿದವು, ತಲೆ ತಾನಾಗಿ ಬಾಗಿತು.

"ಯಾರದು?"

ರೇಣು ಬಾಯಿ ಬಿಡಲಿಲ್ಲ.

"ಸ್ನೇಹಲ್, ಯಾರ ಬಂದಾರ ನೋಡವಾ."

ಗೌರೀಶನ ಹೆಂಡತಿ ಬಾಗಿಲಿಗೆ ಬಂದಳು. ಬೆಳಗಾವಿಯಲ್ಲಿ ಬೆಳೆದವಳು, ಊರ ರೀತಿ ತಿಳಿಯದವಳು. "ಯಾರೋ ಹುಡುಗಿರಿ ಅತ್ತಿ. ಸುಮ್ನ ನಿಂತಾಳ. ಮಾತಾಡವಲ್ಲಳು."

"ಹೆಗಲಮ್ಯಾಲ ಕಂಬಳಿ ಐತೇನ?"

"ಇಲ್ಲರಿ. ಕೈಮ್ಯಾಲ ಐತ್ರಿ."

ಒಳಗಿನ ಗಡಿಯಾರ ಅಂಗಳಕ್ಕೆ ಕೇಳುತ್ತಿತ್ತು. ಅದೇ ಸದ್ದು, ಈಗ ಫೋನಿಲ್ಲದೆ. ನಾಲ್ಕು ಹೊಡೆಯಿತು. ಮುದುಕಿಯ ಮಡಿಲಲ್ಲಿ ಫೋನು ಸುಮ್ಮನಿತ್ತು.

"ರಾಮದುರ್ಗದ ಸುದ್ದಿಯೇನ?"

ರೇಣು ಗೋಣು ಹಾಕಿದಳು. ಕುರುಡಿಗೆ ಅದು ಕಾಣುವುದಿಲ್ಲ. ಸಾವಿತ್ರೆವ್ವ ಸೊಸೆಯ ಕಡೆ ಮುಖ ತಿರುಗಿಸಿ ಕಾದರು. ಸ್ನೇಹಲ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಂದು ವರ್ಷ ಆ ಮನೆಯವರು ನುಂಗಿದ್ದ ಮಾತು ಅವಳ ಬಾಯಿಗೆ ಬಂತು.

"ಗೋಣು ಹಾಕಿದ್ಲರಿ ಅತ್ತಿ. ಹೌದಂತರಿ."

"ನನ್ನ ಮಗಳೇನ?"

"ಹೌದ್ರಿ." ಸ್ನೇಹಲ್ ಅಲ್ಲೇ ಕುಳಿತು ಅತ್ತಳು. ಸಾವಿತ್ರೆವ್ವ ಅಳಲಿಲ್ಲ. ಜಗಲಿಯ ಕಲ್ಲನ್ನು ಮಗುವಿನ ಬೆನ್ನು ಸವರಿದಂತೆ ಸವರುತ್ತಿದ್ದರು.

"ಗೊತ್ತಿತ್ತು ನನಗ. ನಮ್ಮ ಅನ್ನಪೂರ್ಣಾಂದು ಒರಟ ಬಾಯಿ. ಅರ್ಧಾ ಮಾತು ನುಂಗಾಕಿ. ಸಿಟ್ಟು ಬಂದ್ರ ನನಗ ಬೈಯಾಕಿ. ಫೋನಿನಾಗ ಬರಾಕಿ ಒಂದು ದಿನಾನೂ ಬೈಲಿಲ್ಲ. ಮನೀ ಮಗಳು ಅಷ್ಟು ಅಂಜಿ ಅಂಜಿ, ತೂಗಿ ತೂಗಿ ಮಾತಾಡತಾಳೇನ? ಹೊರಗಿನಾಕಿ ಅಂತ ಮೊದಲನೇ ದಿನಾನ ತಿಳೀತು. ಗೆಜ್ಜಿ ಮಾತು ಬಂದಾಗ ಮಾತ್ರ ಅಂಜಿದ್ನಿ." ಸ್ವಲ್ಪ ತಡೆದರು. "ಆದ್ರ ಅಂಗಳದಾಗ ಯಾರೂ ಬಂದು ನಿಂತಿದ್ದಿಲ್ಲಲ್ಲ. ನಿಲ್ಲೂತನಕ ಅಕಿ ಬದುಕ್ಯಾಳ ಅಂತ ಕುಂತಿದ್ನಿ. ಇವತ್ತ ಗೌರೀಶ ನಸುಕಿನ್ಯಾಗ ಹೊಂಟಾಗ ವರ್ಷದ್ದು ಅಂತ ತಿಳೀತು. ಸಾಕಾತು. ಅದಕ್ಕ ಸ್ನೇಹಲ್ ಕಡೆ ಫೋನ್ ಹಚ್ಚಿಸಿ ಸುಮ್ನ ಕುಂತ್ನಿ."

ರೇಣು ನೀಲಿ ಕವರಿನ ಫೋನನ್ನು ಜಗಲಿಯ ಅಂಚಿಗೆ ಇಟ್ಟಳು.

"ನಿನ್ನ ಹೆಸರೇನವಾ?"

"ರೇಣುರಿ."

"ಯಾರ ಪೈಕಿ?"

"ಶಟ್ಟೆಪ್ಪನ ಮೊಮ್ಮಗಳರಿ."

"ಅಯ್ಯ!" ಸಾವಿತ್ರೆವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಅಷ್ಟು ದುಃಖದ ನಡುವೆಯೂ ದನಿಯಲ್ಲಿ ಅಕ್ಕರೆಯಿತ್ತು. "ಮಾತು ಕೇಳಿದ್ರ ಯಾರೂ ಹಂಗ ಅನ್ನಂಗಿಲ್ಲ."

ರೇಣುವಿನ ಮುಖಕ್ಕೆ ಹಳೆಯ ನಗು ಬರಲು ನೋಡಿತು. ಬರಗೊಡಲಿಲ್ಲ.

"ಹಂಗ ಅಂದ್ರ ಹೆಂಗ್ರಿ? ನಾವು ಹೆಂಗ ಮಾತಾಡತೇವಿ ಅಂತ ತಿಳದಿದ್ರಿ ನೀವು? ನಮ್ಮ ಮುತ್ಯಾ ನಲವತ್ತು ವರ್ಷ ಈ ಮನೀ ಸಾವು ಹೊತ್ತ. ಅವನ ದನಿ ಒಮ್ಮೆರ ಕೇಳೀರೇನ್ರಿ?"

ಒರಟಾಗಿತ್ತು ದನಿ. ಒಂದು ವರ್ಷ ಮುಚ್ಚಿಟ್ಟ ಪಾತ್ರೆಯ ಮುಚ್ಚಳ ತೆಗೆದಂತೆ ಅದು ಹೊರಬಂದಿತ್ತು. ಸಾವಿತ್ರೆವ್ವ ಬಾಯಿ ತೆರೆದರು. ಕಾಣದ ಕಣ್ಣುಗಳಿಂದ ಅಂಗಳದತ್ತ ಬಹಳ ಹೊತ್ತು ನೋಡಿದರು. ಕೇಳಿದ್ದೆ ಎನ್ನಲು ಏನೂ ನೆನಪಿರಲಿಲ್ಲವೇನೋ.

ರೇಣು ತಿರುಗಿ ನಡೆದಳು. ಅಂಗಳದ ಬಾಗಿಲು ದಾಟುವಾಗ ಹಿಂದೆ ಮುದುಕಿಯ ದನಿ ಕೇಳಿತು. "ಸ್ನೇಹಲ್, ಅಕಿ ನಿಂತ ಜಾಗಾಕ ಒಂದು ಕೊಡ ನೀರ ಹಾಕವಾ."

"ಯಾಕ್ರಿ ಅತ್ತಿ?"

ಆಮೇಲೆ ನೆಲಕ್ಕೆ ನೀರು ಬಿದ್ದ ಸದ್ದು. ಅದರ ಬೆನ್ನಿಗೆ, ವರ್ಷದ ಮೇಲೆ, ಆ ಮನೆಯಿಂದ ಮುದುಕಿಯ ಅಳು ಎದ್ದಿತು. ನೀರು ಹಾಕಿದವರು ಯಾರೆಂದು ರೇಣು ತಿರುಗಿ ನೋಡಲಿಲ್ಲ. ಹಳ್ಳ ದಾಟುವಾಗ ಗೌರೀಶನ ಮೇಜಿನ ಮೇಲಿನ, ಸಹಿ ಬೀಳದ ಹಾಳೆಯೊಂದು ಕಣ್ಣ ಮುಂದೆ ಬಂತು. ಬಂದಷ್ಟೇ ಬೇಗ ಹೋಯಿತು.

ಮನೆಯ ಮುಂದೆ ಬಂದು, ಏನೂ ಅನ್ನದೆ, ಕೈಮೇಲೆ ಕಂಬಳಿ ಹಾಕಿಕೊಂಡು ನಿಂತಳು.

ಒಳಗಿನಿಂದ ಕಾಡವ್ವ ಕೇಳಿದಳು. "ಮುಟ್ಟಿತೇನ?"

ಆಯಿಗೆ ಅವಳು ಏನನ್ನೂ ಹೇಳಿರಲಿಲ್ಲ.

"ಮುಟ್ಟಿತಬೇ" ಎಂದಳು ರೇಣು. ಮಾತು ಹುಡುಕದೆಯೇ ಬಂದಿತ್ತು.

ಕಾಡವ್ವ ತಂಬಿಗೆ ತಂದು ಅವಳ ಕಾಲಿಗೆ ನೀರು ಹಾಕಿದಳು. ಬಗ್ಗಿದವಳು ಎದ್ದು, ಪೊರೆ ಬಂದ ಕಣ್ಣಿಂದ ರೇಣುವಿನ ಹೆಗಲಿನಾಚೆ ಓಣಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ದಿನಾ ನಿನ್ನ ಸಂಗಾಟ ಒಬ್ಬಾಕಿ ಬರತಿದ್ಲಲ್ಲ, ಛಂದ ಮಾತಾಡಾಕಿ. ಇವತ್ತ ಬರಲಿಲ್ಲೇನ?"

ರೇಣು ತಿರುಗಿ ನೋಡಿದಳು. ಓಣಿಯಲ್ಲಿ ಬಿಸಿಲಿತ್ತು, ತನ್ನ ಕಾಲಿನ ಗುರುತುಗಳಿದ್ದವು.

"ಇಲ್ಲಬೇ. ಅಕಿ ಅವರ ಮನಿಗೆ ಹ್ವಾದ್ಲು."

"ಹಂಗಾರ ಬಾ" ಎಂದಳು ಕಾಡವ್ವ. "ಬಂದು ಬಾಗಲಾ ಹಾಕು."